ಬಾಲ್ ಇಬ್ಬರ ಮಧ್ಯೆ ಬಿದ್ದಾಗ

ನಾನು ವಾಲಿಬಾಲ್ ಕೋಚ್. ನಮ್ಮ ಟೀಮ್‌ಗೆ ಒಂದು ವಿಚಿತ್ರ ಕಾಯಿಲೆ ಇತ್ತು, ಎದುರಿನವ್ರ ಸರ್ವ್ ಇಬ್ಬರ ನಡುವೆ ಬಂದ್ರೆ ಸಾಕು, ಇಬ್ರೂ ಒಬ್ಬರ ಮುಖ ಒಬ್ರು ನೋಡ್ಕೊಂಡು ನಿಂತ್ಬಿಡೋರು, ಬಾಲ್ ಮಧ್ಯೆ ಧೊಪ್ ಅಂತ ಬೀಳೋದು. "ನಂದು" ಅಂತ ಕೂಗೋಕೆ ಏನ್ರೋ ಕಷ್ಟ ಅಂತ ಬೈದೆ, ರಿಸೀವ್ ಡ್ರಿಲ್ ಡಬಲ್ ಮಾಡ್ದೆ. ಪ್ರಾಕ್ಟೀಸಲ್ಲಿ ಗಂಟಲು ಹರಿಯೋ ಹಂಗೆ ಕೂಗೋರು, ಮ್ಯಾಚಲ್ಲಿ ಮತ್ತೆ ಮೌನ.

ಕೊನೆಗೆ ಎಲ್ಲರನ್ನೂ ಕೂರಿಸ್ಕೊಂಡು "ಏನಿದ್ರೂ ಓಪನ್ ಆಗಿ ಹೇಳಿ" ಅಂದೆ. ಯಾರೂ ತುಟಿ ಪಿಟಕ್ ಅನ್ಲಿಲ್ಲ. (ಇಂಥ ಮೀಟಿಂಗ್ ದಂಡ, ಮಾಡ್ಬೇಡಿ.) ಆಮೇಲೆ ನೆಟ್ ಬಿಚ್ಚೋವಾಗ ನಮ್ಮ ಲಿಬೆರೊ (ಹಿಂದಿನ ಸಾಲಲ್ಲಿ ಬರೀ ಡಿಫೆನ್ಸ್ ಆಡೋನು), ಕಣ್ಣು ನೆಟ್ ಮೇಲೇ ಇಟ್ಕೊಂಡು, "ಕೂಗಿ ಮಿಸ್ ಮಾಡಿದ್ರೆ ನೀವು ತಕ್ಷಣ ಬೆಂಚಲ್ಲಿರೋ ಬದಲಿ ಆಟಗಾರರ ಕಡೆ ತಿರುಗ್ತೀರ ಸರ್, ಕೂಗದೇ ಬಿದ್ರೆ ಯಾರ್ದು ತಪ್ಪು ಅಂತ ಗೊತ್ತಾಗಲ್ವಲ್ಲ" ಅಂದ. ಮೈ ಉರೀತು, ಸುಳ್ಳು ಯಾಕೆ ಹೇಳ್ಲಿ. ಮನೇಲಿ ವಿಡಿಯೋ ಹಾಕಿ ನೋಡಿದ್ರೆ ಅವನು ಹೇಳಿದ್ದು ಅಕ್ಷರಶಃ ನಿಜ.

ಅವತ್ತಿಂದ ಪಾಯಿಂಟ್ ಹೋದಾಗ ಕೈ ಬೆನ್ನ ಹಿಂದೆ ಕಟ್ಕೊಂಡು ಕೋರ್ಟ್ ಕಡೆ ಮಾತ್ರ ನೋಡೋದು ಅಂತ ಮಾಡ್ಕೊಂಡೆ, ಎರಡು ಸಲ ಮರೆತು ಹಳೇ ಚಾಳಿಗೇ ಬಿದ್ದೆ. ಟೈಮ್‌ಔಟ್ ಇರೋದೇ 30 ಸೆಕೆಂಡ್, ಮೊದಲೆಲ್ಲಾ ಪೂರ್ತಿ ನಾನೇ ಕಿರುಚ್ತಿದ್ದೆ, ಈಗ ಮೊದಲ ಅರ್ಧ ಅವರದ್ದು. ವಿಡಿಯೋ ಸೆಷನ್ ಶುರು ಆಗೋದೇ ನನ್ನ ತಪ್ಪಿಂದ. ಸೆಟ್‌ಗೆ ಸಿಗೋ ಎರಡೂ ಟೈಮ್‌ಔಟ್ ಗಾಬರೀಲಿ ಬೇಗ ಮುಗಿಸಿ ಕೊನೇಲಿ ಬಾಯಿ ಬಾಯಿ ಬಿಟ್ಕೊಂಡು ನಿಂತಿದ್ದನ್ನೇ ಮೊದಲು ಹಾಕ್ದೆ, ಎಲ್ರೂ ನಕ್ರು, ಆ ನಗು ಬೇಕಿತ್ತು. ಹಂಗಂತ ಫಿಟ್‌ನೆಸ್ ವಿಷಯದಲ್ಲಿ ಏನೂ ಸಡಿಲ ಮಾಡಿಲ್ಲ.

ಕೆಲವು ವಾರಕ್ಕೆ ಕಂಪ್ಲೇಂಟ್ ಜಾಸ್ತಿ ಆಯ್ತು! ಈ ರೊಟೇಶನ್ (ಕೋರ್ಟಲ್ಲಿ ಜಾಗ ಬದಲಾಯಿಸೋ ಕ್ರಮ) ಅರ್ಥ ಆಗಿಲ್ಲ ಅಂತ ಒಬ್ಬ, ಬೆರಳು ಊದಿದ್ರೂ ಟೇಪ್ ಸುತ್ಕೊಂಡು ಎರಡು ವಾರ ಆಡ್ದೆ ಅಂತ ಸೆಟ್ಟರ್ (ಹೊಡೆಯೋರಿಗೆ ಬಾಲ್ ಎತ್ತಿ ಕೊಡೋನು). ಟೀಮ್ ಕೆಡ್ತಿದೆ ಅನ್ಕೊಂಡೆ. ಆಗ್ಲೇ ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಆಸ್ಪತ್ರೆ ಸ್ಟಡಿ ಬಗ್ಗೆ ಓದಿದ್ದು, ಅಲ್ಲೂ ಒಳ್ಳೇ ಟೀಮ್‌ಗಳಲ್ಲೇ ಔಷಧಿ ಎಡವಟ್ಟು ಜಾಸ್ತಿ ದಾಖಲಾಗಿತ್ತಂತೆ, ಅವರು ಮುಚ್ಚಿಡ್ತಿರಲಿಲ್ಲ ಅನ್ನೋದೇ ಅದಕ್ಕೆ ಆಕೆ ಕೊಟ್ಟ ವಿವರಣೆ. ಸೆಟ್ಟರ್‌ನ ಅವತ್ತೇ ರೆಸ್ಟ್‌ಗೆ ಕಳಿಸ್ದೆ, ವಾಪಸ್ ಬಂದಾಗ ಅವನ ಜಾಗ ಅವನಿಗೇ ಕೊಟ್ಟೆ. ಇದನ್ನ ಮಿಕ್ಕವರೆಲ್ಲ ಗಮನಿಸ್ತಾ ಇರ್ತಾರೆ, ನೆನಪಿರ್ಲಿ.

ಮೊನ್ನೆ ಮ್ಯಾಚಲ್ಲಿ ಮತ್ತೆ ಇಬ್ಬರ ಮಧ್ಯೆ ಸರ್ವ್ ಬಂತು, ಇಬ್ರೂ ಒಟ್ಟಿಗೆ "ನಂದು" ಅಂತ ಕೂಗಿ ಡಿಕ್ಕಿ ಹೊಡ್ಕೊಂಡ್ರು. ಪಾಯಿಂಟ್ ಹೋಯ್ತು. ನನ್ ಕೈ ಬೆನ್ನ ಹಿಂದೇನೇ ಇತ್ತು.