ಎಎಸ್/400 ರಿಪೋರ್ಟನ್ನು ಪಿಡಿಎಫ್ ಮಾಡಿಕೊಳ್ಳುವುದು ಹೇಗೆ?

ದಾವಣಗೆರೆಯಲ್ಲಿ ಒಂದು ಸಂಜೆ ಮಂಡಕ್ಕಿ ಪೊಟ್ಟಣ ಬಿಚ್ಚಿದೆ. ಎರಡೂ ಅಂಚಿಗೆ ತೂತಿರುವ ಅಗಲದ ಕಂಪ್ಯೂಟರ್ ಹಾಳೆ, ಅದರ ಮೇಲೆ ಯಾರದೋ ಹೆಸರು, ಯಾರದೋ ಬಾಕಿ ಲೆಕ್ಕ. ತುಂಬಾ ಕಸಿವಿಸಿಯಾಯಿತು. ಇಂಥ ರಿಪೋರ್ಟನ್ನು ಹಾಳೆಗೆ ಇಳಿಸಲೇಬೇಕು ಅಂತೇನಿಲ್ಲ. 1988ರಲ್ಲಿ ಬಂದ ಐಬಿಎಂನ ಎಎಸ್/400 ಎಂಬ ಆಫೀಸು ಕಂಪ್ಯೂಟರ್, ಅಥವಾ ಅದರ ಈಗಿನ ರೂಪವಾದ ಐಬಿಎಂ ಐ, ನಿಮ್ಮ ಆಫೀಸಿನಲ್ಲಿದ್ದರೆ ಹೀಗೆ ಮಾಡಿ.

ರಿಪೋರ್ಟು ಪ್ರಿಂಟರಿಗೆ ಹೋಗುವ ಮುಂಚೆ ಔಟ್‌ಪುಟ್ ಕ್ಯೂನಲ್ಲಿ, ಅಂದರೆ ಪ್ರಿಂಟಿನ ಸಾಲಿನಲ್ಲಿ, ಸ್ಪೂಲ್ ಫೈಲ್ ಆಗಿ ಕಾಯುತ್ತಿರುತ್ತದೆ. ನಮಗೆ ಬೇಕಾದದ್ದು ಅದೇ. ಡಬ್ಲ್ಯುಆರ್‌ಕೆಎಸ್‌ಪಿಎಲ್‌ಎಫ್ (WRKSPLF) ಕಮಾಂಡ್ ಕೊಟ್ಟರೆ ನಿಮ್ಮ ಸ್ಪೂಲ್ ಫೈಲುಗಳ ಪಟ್ಟಿ ಬರುತ್ತದೆ. ಮೊದಲು ನಿಮಗೆ ಬೇಕಾದ ಫೈಲಿನ ಮುಂದೆ 3 ಹಾಕಿ ಹೋಲ್ಡ್ ಮಾಡಿ, ಅಂದರೆ ತಡೆದಿಡಿ. ಇದನ್ನು ಮರೆಯಬೇಡಿ, ಯಾಕೆಂದರೆ ಪ್ರಿಂಟರ್ ಚಾಲೂ ಇದ್ದು ಫೈಲು ಉಳಿಸುವ ಸೆಟ್ಟಿಂಗ್ ಇಲ್ಲದಿದ್ದರೆ ಪ್ರಿಂಟ್ ಆದ ಕೂಡಲೇ ಅದು ಮಾಯ. ಆಮೇಲೆ 5 ಒತ್ತಿ ಇದೇ ರಿಪೋರ್ಟಾ ಅಂತ ನೋಡಿ. 8 ಒತ್ತಿದರೆ ಆ ರಿಪೋರ್ಟು ತಯಾರಿಸಿದ ಕೆಲಸದ, ಅಂದರೆ ಜಾಬಿನ, ಹೆಸರು, ನಂಬರು ಸಿಗುತ್ತವೆ, ಬರೆದಿಟ್ಟುಕೊಳ್ಳಿ.

ಈಗ ಸಿಪಿವೈಎಸ್‌ಪಿಎಲ್‌ಎಫ್ (CPYSPLF) ಟೈಪ್ ಮಾಡಿ ಎಫ್4 ಒತ್ತಿ, ಇದು ಸ್ಪೂಲ್ ಫೈಲನ್ನು ನಕಲಿಸುವ ಕಮಾಂಡ್. ಸ್ಪೂಲ್ ಫೈಲಿನ ಹೆಸರು, ಜಾಬ್ ವಿವರ ತುಂಬಿ. ಟು ಫೈಲ್ ಜಾಗದಲ್ಲಿ ನಕ್ಷತ್ರ ಹಾಕಿ ಟಿಒಎಸ್‌ಟಿಎಂಎಫ್ (*TOSTMF), ಸ್ಟ್ರೀಮ್ ಫೈಲ್ ಜಾಗದಲ್ಲಿ ಫೋಲ್ಡರಿನ ದಾರಿ ಮತ್ತು ಪಿಡಿಎಫ್ ಹೆಸರು, ವರ್ಕ್‌ಸ್ಟೇಷನ್ ಕಸ್ಟಮೈಸಿಂಗ್ ಜಾಗದಲ್ಲಿ ನಕ್ಷತ್ರದ ಜೊತೆ ಪಿಡಿಎಫ್ (*PDF). ಎಂಟರ್. ಇದು 2008ರಲ್ಲಿ ಬಂದ ಐಬಿಎಂ ಐ 6.1 ಆವೃತ್ತಿಯಿಂದ ಉಂಟು, ಆದರೆ ಪಿಡಿಎಫ್ ಮಾಡಿಕೊಡುವ ಐಬಿಎಂ ತಂತ್ರಾಂಶ ಟ್ರಾನ್ಸ್‌ಫಾರ್ಮ್ ಸರ್ವಿಸಸ್ ಸರ್ವರಿನಲ್ಲಿ ಹಾಕಿರಬೇಕು. ಎರರ್ ಬಂದರೆ ಮೊದಲು ಅದನ್ನೇ ನೋಡಿ.

ಕಮಾಂಡ್ ಬೇಡ ಅನ್ನುವವರು ತಮ್ಮ ಪಿಸಿಯಲ್ಲಿ ಐಬಿಎಂನ ತಂತ್ರಾಂಶ ಆಕ್ಸೆಸ್ ಕ್ಲೈಂಟ್ ಸೊಲ್ಯೂಷನ್ಸ್‌ನ ಪ್ರಿಂಟರ್ ಔಟ್‌ಪುಟ್ ತೆರೆದು ಫೈಲನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಒಂದೆರಡು ರಿಪೋರ್ಟಿಗೆ ಅದೇ ಸುಲಭ.

ಹಾಳೆಯ ಅಳತೆಯೂ ಸ್ವಲ್ಪ ಕಾಡುತ್ತದೆ. ಹಳೇ ರಿಪೋರ್ಟು ಸಾಮಾನ್ಯವಾಗಿ 132 ಅಕ್ಷರ ಅಗಲ. ಇಂಚಿಗೆ 10 ಅಕ್ಷರವಾದರೆ 13.2 ಇಂಚು ಬೇಕು, ಎ4 ಅಡ್ಡ ಹಾಕಿದರೂ ಸಾಲದು. ರಿಪೋರ್ಟಿನ ಅಳತೆ ಬರೆದಿರುವ ಪ್ರಿಂಟರ್ ಫೈಲಿನಲ್ಲಿ ಇಂಚಿಗೆ 15 ಮಾಡಿಸಿ, 8.8 ಇಂಚಿಗೆ ಇಳಿಯುತ್ತದೆ.

ಪಿಡಿಎಫ್ ಇಡುವ ಫೋಲ್ಡರನ್ನು ಎಲ್ಲರಿಗೂ ತೆರೆದಿಡಬೇಡಿ, ಇಲ್ಲದಿದ್ದರೆ ಆ ಪೊಟ್ಟಣದ ಕಥೆಯೇ ಅಲ್ವಾ? ಪಿಡಿಎಫ್ ಪುಟಗಳನ್ನು ಸ್ಪೂಲ್ ಫೈಲಿನ ಪುಟಗಳ ಜೊತೆ ಎಣಿಸಿ ನೋಡಿ, ಸರಿಯಿದ್ದರೆ ಮಾತ್ರ 4 ಒತ್ತಿ ಸ್ಪೂಲನ್ನು ಅಳಿಸಿ.