ಅಪ್‌ಗ್ರೇಡ್ ಆದಮೇಲೆ ವರ್ಚುವಲ್ ಮಷೀನಿಗೆ ನೆಟ್ ಬರುತ್ತಿಲ್ಲವೇ? ಹುಡುಕುವ ಕ್ರಮ ಇಲ್ಲಿದೆ

ಹಳೆಯ ಪುಟವಿನ್ಯಾಸದ ಕಡತಗಳನ್ನು ತೆರೆಯಲೇಬೇಕಾದ ಗದಗಿನ ಪ್ರೆಸ್ಸಿಗೂ, ಹಳೆಯ ಲೆಕ್ಕದ ತಂತ್ರಾಂಶ ಬಿಡಲಾಗದ ಹುಬ್ಬಳ್ಳಿಯ ಕಚೇರಿಗೂ ಇರುವ ಅಗ್ಗದ ದಾರಿ ಒಂದೇ: ಹೊಸ ಕಂಪ್ಯೂಟರಿನೊಳಗೆ ಹಳೆಯ ವಿಂಡೋಸನ್ನು ವರ್ಚುವಲ್ ಮಷೀನ್ ಆಗಿ ಓಡಿಸುವುದು. ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತದೆ. ಹಾಗೆ ಓಡಿಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸನ್ನೋ ಹೊರಗಿನ ವಿಂಡೋಸನ್ನೋ ಅಪ್‌ಗ್ರೇಡ್ ಮಾಡಿದ ಮರುದಿನ ಮಷೀನ್ ಏನೋ ತೆರೆದುಕೊಳ್ಳುತ್ತದೆ, ಆದರೆ ಪ್ರಿಂಟರ್ ಸಿಗದು, ಶೇರ್ ಫೋಲ್ಡರ್ ಸಿಗದು, ಇಂಟರ್ನೆಟ್ಟೂ ಇಲ್ಲ.

ಇಂಥ ಹೊತ್ತಿನಲ್ಲಿ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕಬೇಡಿ. ಒಳಗಿನ ವಿಂಡೋಸ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಒಳಗಿನ ನೆಟ್‌ವರ್ಕ್ ಕಾರ್ಡಿಗೂ ಹೊರಗಿನ ಕಾರ್ಡಿಗೂ ನಡುವೆ ತಂತ್ರಾಂಶ ಕಟ್ಟಿದ್ದ ಸಂಪರ್ಕ ಮಾತ್ರ ತಪ್ಪಿರುತ್ತದೆ. ಅದು ಎಲ್ಲಿ ತಪ್ಪಿದೆ ಎಂದು ತಿಳಿದರೆ ದುರಸ್ತಿ ಐದು ನಿಮಿಷದ ಕೆಲಸ.

ಮೊದಲು ಪೂರ್ತಿ ಆಫ್ ಮಾಡಿ

ಒಳಗಿನ ವಿಂಡೋಸಿನಲ್ಲಿ ಸ್ಟಾರ್ಟ್ ಒತ್ತಿ ಶಟ್‌ಡೌನ್ ಮಾಡಿ. ಕಿಟಕಿ ಮುಚ್ಚುವಾಗ ಬರುವ ‘ಸೇವ್ ಸ್ಟೇಟ್’ ಆಯ್ಕೆ ಬೇಡ. ಹಾಗೆ ಉಳಿಸಿದ ಸ್ಥಿತಿಯಲ್ಲಿ ಹಳೆಯ ಆವೃತ್ತಿಯ ಕಾರ್ಡಿನ ವಿವರವೇ ಇರುತ್ತದೆ. ಹೊಸ ಆವೃತ್ತಿ ಅದನ್ನು ಒಪ್ಪದೆ ಹೋಗಬಹುದು. ಆಮೇಲೆ ಡಿಸ್ಕ್ ಕಡತ ಇರುವ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದ ಫೋಟೊ ತೆಗೆದಿಡಿ. ಬ್ಯಾಡಗಿಯ ದಲಾಲಿ ಅಂಗಡಿಯವರಿಗೆ ಬೇರೆಯಾಗಿ ಹೇಳಬೇಕಿಲ್ಲ: ಸೋಮವಾರ, ಗುರುವಾರದ ಟೆಂಡರ್ ದಿನ ಅಪ್‌ಗ್ರೇಡಿಗೆ ಕೈ ಹಾಕಬಾರದು.

ಐಪಿ ನೋಡಿದರೆ ಅರ್ಧ ಉತ್ತರ

ಮಷೀನ್ ಮತ್ತೆ ಆನ್ ಮಾಡಿ, ಒಳಗಿನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್’ (ipconfig) ಕೊಡಿ, ನೆಟ್‌ವರ್ಕಿನಲ್ಲಿ ಮಷೀನಿನ ವಿಳಾಸವಾದ ಐಪಿ ಕಾಣುತ್ತದೆ. 10.0.2.15 ಎಂದು ಬಂದರೆ ಅದು ವರ್ಚುವಲ್‌ಬಾಕ್ಸಿನ ನ್ಯಾಟ್: ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರಲಾಗದು. 192.168.56ರಿಂದ ಶುರುವಾದರೆ ಹೋಸ್ಟ್-ಓನ್ಲಿ ಇರಬಹುದು, ಅಂದರೆ ಹೊರಗಿನ ಕಂಪ್ಯೂಟರಿನ ಜೊತೆಗಷ್ಟೇ ಮಾತು. ಕಚೇರಿಯ ಉಳಿದ ಕಂಪ್ಯೂಟರುಗಳ ಸಾಲಿನದೇ ಐಪಿ ಬಂದರೆ ಬ್ರಿಡ್ಜ್ಡ್, ಅಂದರೆ ಮಷೀನೂ ಕಚೇರಿಯ ಇನ್ನೊಂದು ಕಂಪ್ಯೂಟರಿನಂತೆ ನೆಟ್‌ವರ್ಕಿನಲ್ಲಿ ಸೇರಿದೆ. 169.254ರಿಂದ ಶುರುವಾದರೆ ಐಪಿ ಹಂಚುವ ಡಿಎಚ್‌ಸಿಪಿಯಿಂದ ಉತ್ತರವೇ ಬಂದಿಲ್ಲ, ವಿಂಡೋಸ್ ತಾನೇ ಒಂದು ಸಂಖ್ಯೆ ಹಾಕಿಕೊಂಡಿದೆ. ಐಪಿಯೇ ಕಾಣದಿದ್ದರೆ ಕಾರ್ಡಿಗೆ ಡ್ರೈವರ್ ಇಲ್ಲ, ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ ‘ಕೇಬಲ್ ಕನೆಕ್ಟೆಡ್’ ಟಿಕ್ ಹೋಗಿದೆ.

ಡ್ರೈವರ್ ವಿಷಯದಲ್ಲಿ ಒಂದು ಮಾತು. ಸೆಟ್ಟಿಂಗ್ಸ್‌ನಲ್ಲಿ ಆರಿಸುವ ಕಾರ್ಡಿನ ಮಾದರಿಗಳಲ್ಲಿ ಇಂಟೆಲ್ ಪ್ರೊ/1000 ಟಿ ಸರ್ವರ್ ಕಾರ್ಡ್ ವಿಂಡೋಸ್ ಎಕ್ಸ್‌ಪಿಗೆ ತಾನಾಗಿಯೇ ಗೊತ್ತು. ಅದೇ ಇಂಟೆಲ್‌ನ ಎಂಟಿ ಡೆಸ್ಕ್‌ಟಾಪ್ ಕಾರ್ಡಿಗೆ ಡ್ರೈವರ್ ಬೇರೆ ಹಾಕಬೇಕು. ವಿಸ್ಟಾ ಮತ್ತು ಆಮೇಲಿನವುಗಳಲ್ಲಿ ಹಳೆಯ ಪಿಸಿನೆಟ್ ಕಾರ್ಡಿನ ಡ್ರೈವರ್ ಇರುವುದಿಲ್ಲ. ಮಷೀನನ್ನು ಹೊಸದಾಗಿ ಸೃಷ್ಟಿಸಿ ಹಳೆಯ ಡಿಸ್ಕ್ ಜೋಡಿಸಿದವರು ಎಡವುವುದು ಹೆಚ್ಚಾಗಿ ಇಲ್ಲೇ.

ಬ್ರಿಡ್ಜ್ಡ್ ಇದ್ದರೆ ಹೆಸರು ನೋಡಿ

ಅಪ್‌ಗ್ರೇಡಿನ ನಂತರ ಅತಿ ಹೆಚ್ಚು ಕೆಡುವುದು ಇದು. ಬ್ರಿಡ್ಜ್ಡ್ ವ್ಯವಸ್ಥೆಯಲ್ಲಿ ಮಷೀನ್ ಹೊರಗಿನ ಕಾರ್ಡನ್ನು ಅದರ ಹೆಸರಿನಿಂದ ನೆನಪಿಟ್ಟುಕೊಂಡಿರುತ್ತದೆ. ವಿಂಡೋಸ್ ಡ್ರೈವರ್ ಬದಲಿಸಿದಾಗ ಅದೇ ಕಾರ್ಡಿನ ಹೆಸರಿನ ಬಾಲಕ್ಕೆ ‘#2’ ಸೇರಬಹುದು. ಆಗ ಮಷೀನ್ ಇಲ್ಲದ ಕಾರ್ಡನ್ನು ಹುಡುಕುತ್ತದೆ, ಇಲ್ಲವೇ ವೈಫೈಗೋ ವಿಪಿಎನ್‌ನ ಕೃತಕ ಕಾರ್ಡಿಗೋ ಅಂಟಿಕೊಂಡಿರುತ್ತದೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ‘ನೇಮ್’ ಪಟ್ಟಿ ಬಿಚ್ಚಿ, ಕೇಬಲ್ ಚುಚ್ಚಿರುವ ಕಾರ್ಡನ್ನೇ ಆರಿಸಿ.

ಪಟ್ಟಿ ಖಾಲಿ ಇದೆಯೇ? ಹೊರಗಿನ ವಿಂಡೋಸಿನಲ್ಲಿ ಆ ಕಾರ್ಡಿನ ಪ್ರಾಪರ್ಟೀಸ್ ತೆರೆಯಿರಿ. ‘ವರ್ಚುವಲ್‌ಬಾಕ್ಸ್ ಎನ್‌ಡಿಐಎಸ್6 ಬ್ರಿಡ್ಜ್ಡ್ ನೆಟ್‌ವರ್ಕಿಂಗ್ ಡ್ರೈವರ್’ ಎಂಬ ಸಾಲು ಇದ್ದು ಟಿಕ್ ಆಗಿರಬೇಕು. ಸಾಲೇ ಇಲ್ಲದಿದ್ದರೆ ವರ್ಚುವಲ್‌ಬಾಕ್ಸಿನ ಇನ್‌ಸ್ಟಾಲರನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ‘ರಿಪೇರ್’ ಕೊಡಿ. ಈ ಹೊತ್ತಿನಲ್ಲಿ ಹೊರಗಿನ ಕಂಪ್ಯೂಟರಿನ ನೆಟ್ಟೂ ಕೆಲ ಕ್ಷಣ ಹೋಗುತ್ತದೆ, ಹಾಗಾಗಿ ಸರ್ವರ್‌ನಲ್ಲಿ ಯಾರಾದರೂ ಬಿಲ್ ಹಾಕುತ್ತಿದ್ದರೆ ಮೊದಲೇ ತಿಳಿಸಿ.

ಹೋಸ್ಟ್-ಓನ್ಲಿಯಲ್ಲೂ ಇದೇ ಹೆಸರಿನ ಗೊಂದಲ. ಅಪ್‌ಗ್ರೇಡ್ ಹೊಸ ಅಡಾಪ್ಟರ್ ಹುಟ್ಟಿಸಿ, ಮಷೀನ್ ಹಳೆಯದನ್ನೇ ಕೇಳುತ್ತಿರಬಹುದು. ಹೊರಗಿರುವುದು ಲಿನಕ್ಸ್ ಆದರೆ ಇನ್ನೊಂದು ಬಲೆ ಇದೆ: 6.1.28ನೇ ಆವೃತ್ತಿಯಿಂದ ಹೋಸ್ಟ್-ಓನ್ಲಿಗೆ 192.168.56.0ರಿಂದ 192.168.63.255ರವರೆಗಿನ ವಿಳಾಸಗಳಿಗೆ ಮಾತ್ರ ಅನುಮತಿ. ಮುಂಚೆ 10ರ ಸಾಲಿನಲ್ಲಿ ಇಟ್ಟುಕೊಂಡಿದ್ದವರ ಅಡಾಪ್ಟರ್ ಇದ್ದಕ್ಕಿದ್ದಂತೆ ನಿಲ್ಲುವುದು ಇದರಿಂದ. ವಿಳಾಸ ಬದಲಿಸುವುದೇ ಸುಲಭ.

ಪಿಂಗ್ ಹೇಳುವುದು, ಹೇಳದಿರುವುದು

ಐಪಿ ಸರಿ ಬಂತು ಅಂದಮೇಲೆ ಹತ್ತಿರದಿಂದ ದೂರಕ್ಕೆ ಪಿಂಗ್ ಮಾಡಿ, ಅಂದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ping’ ಜೊತೆ ವಿಳಾಸ ಕೊಟ್ಟು ಉತ್ತರ ಬರುತ್ತದೆಯೇ ನೋಡಿ: ಮೊದಲು ರೌಟರ್, ಆಮೇಲೆ ಪಕ್ಕದ ಕಂಪ್ಯೂಟರ್, ಆಮೇಲೆ ಇಂಟರ್ನೆಟ್ಟಿನಲ್ಲಿರುವ ಗೂಗಲ್‌ನ 8.8.8.8, ಕೊನೆಗೆ ಒಂದು ವೆಬ್ ವಿಳಾಸ. 8.8.8.8 ಉತ್ತರಿಸಿ ಹೆಸರಿನ ವಿಳಾಸ ಉತ್ತರಿಸದಿದ್ದರೆ ಮೊದಲು ಹೆಸರನ್ನು ಐಪಿಗೆ ಬದಲಿಸುವ ಡಿಎನ್‌ಎಸ್ ನೋಡಬೇಕು. ನ್ಯಾಟ್‌ನಲ್ಲಿ ಮಾತ್ರ ಪಿಂಗನ್ನು ಪೂರ್ತಿ ನಂಬಬೇಡಿ, ಅಲ್ಲಿ ಅದರ ಬೆಂಬಲ ಸೀಮಿತ. ಒಂದು ವೆಬ್ ಪುಟ ತೆರೆದು ನೋಡುವುದು ಮೇಲು.

ರೌಟರ್ ಉತ್ತರಿಸಿ ಪಕ್ಕದ ಕಂಪ್ಯೂಟರ್ ಉತ್ತರಿಸದಿದ್ದರೆ ವಿಂಡೋಸ್ ಫೈರ್‌ವಾಲ್ ನೋಡಿ. ಕಾರ್ಡ್ ಹೊಸದೆಂದು ತಿಳಿದ ವಿಂಡೋಸ್ ‘ನೆಟ್‌ವರ್ಕ್ 2’ ಎಂದು ಹೆಸರಿಟ್ಟು ಅದನ್ನು ‘ಪಬ್ಲಿಕ್’ ಗುಂಪಿಗೆ ಸೇರಿಸಿರುತ್ತದೆ. ‘ಪ್ರೈವೇಟ್’ ಎಂದು ಬದಲಿಸಿ. ಫೈರ್‌ವಾಲನ್ನೇ ಆಫ್ ಮಾಡಿ ಕೂರುವುದು ದುರಸ್ತಿಯಲ್ಲ.

ಪಿಂಗ್ ಹೋಗುತ್ತದೆ, ಫೋಲ್ಡರ್ ತೆರೆಯದು

ಎಕ್ಸ್‌ಪಿ ಇಟ್ಟುಕೊಂಡವರು ಗಮನಿಸಬೇಕಾದದ್ದು ಇದು. ಎಕ್ಸ್‌ಪಿಗೆ ಕಡತ ಹಂಚಿಕೆಯ ಎಸ್‌ಎಂಬಿ1 ಎಂಬ ಹಳೆಯ ವಿಧಾನ ಬಿಟ್ಟರೆ ಬೇರೆ ತಿಳಿಯದು. ವಿಂಡೋಸ್ 10ರ 1709ನೇ ಆವೃತ್ತಿಯಿಂದ ಹೊಸ ಇನ್‌ಸ್ಟಾಲ್‌ನಲ್ಲಿ ಅದು ಬರುವುದಿಲ್ಲ. ಅಪ್‌ಗ್ರೇಡ್ ಆದ ಕಂಪ್ಯೂಟರಿನಲ್ಲೂ ಕೆಲ ದಿನ ಬಳಸದಿದ್ದರೆ ತಾನೇ ಅಳಿಸಿಹೋಗಬಹುದು. ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಅದನ್ನು ಮತ್ತೆ ಆನ್ ಮಾಡಲು ಬರುತ್ತದೆ. ಆದರೆ 2017ರ ವಾನಾಕ್ರೈ ವೈರಸ್ ಹರಡಿದ್ದು ಇದೇ ಬಾಗಿಲಿನಿಂದ, ಕಚೇರಿಯ ಮುಖ್ಯ ಕಂಪ್ಯೂಟರಿನಲ್ಲಿ ಅದನ್ನು ತೆರೆದಿಡಬೇಡಿ.

ಅದರ ಬದಲು ವರ್ಚುವಲ್‌ಬಾಕ್ಸಿನದೇ ‘ಶೇರ್ಡ್ ಫೋಲ್ಡರ್ಸ್’ ಬಳಸಿ. ಇದು ನೆಟ್‌ವರ್ಕ್ ಕಾರ್ಡನ್ನೇ ಮುಟ್ಟುವುದಿಲ್ಲ, ಒಳಗಿನ ವಿಂಡೋಸಿನಲ್ಲಿ ವರ್ಚುವಲ್‌ಬಾಕ್ಸಿನ ಪೂರಕ ತಂತ್ರಾಂಶ ಗೆಸ್ಟ್ ಅಡಿಷನ್ಸ್ ಇದ್ದರೆ ಸಾಕು. ‘ಆಟೊ-ಮೌಂಟ್’ ಟಿಕ್ ಮಾಡಿದರೆ ಒಂದು ಡ್ರೈವ್ ಆಗಿ ಕಾಣುತ್ತದೆ. ಹಾಗೆಯೇ ಪ್ರೆಸ್ಸಿನ ನೆಟ್‌ವರ್ಕ್ ಪ್ರಿಂಟರಿಗೆ ಐಪಿ ವಿಳಾಸದಿಂದಲೇ ಪ್ರಿಂಟ್ ಕೊಡುವುದಾದರೆ ಬ್ರಿಡ್ಜ್ಡ್ ಬೇಕೇ ಇಲ್ಲ, ನ್ಯಾಟ್‌ನಿಂದಲೂ ಕೆಲಸ ಹೋಗುತ್ತದೆ. ಹೊರಗಿನವರು ಒಳಗಿನ ಎಕ್ಸ್‌ಪಿಯನ್ನು ಮುಟ್ಟಲಾಗದು ಎಂಬುದು ಇಲ್ಲಿ ಲಾಭವೇ.

ವಿಎಂವೇರ್ ಬಳಸುವವರಿಗೆ

ವಿಎಂವೇರ್ ಕೂಡ ವರ್ಚುವಲ್‌ಬಾಕ್ಸಿನಂಥದೇ ತಂತ್ರಾಂಶ. ಇಲ್ಲಿ ಮೊದಲು ವಿಂಡೋಸ್ ಸರ್ವಿಸಸ್ ಪಟ್ಟಿಯಲ್ಲಿ ‘ವಿಎಂವೇರ್ ನ್ಯಾಟ್ ಸರ್ವಿಸ್’ ಮತ್ತು ‘ವಿಎಂವೇರ್ ಡಿಎಚ್‌ಸಿಪಿ ಸರ್ವಿಸ್’ ಓಡುತ್ತಿವೆಯೇ ನೋಡಿ. ಆಮೇಲೆ ವರ್ಚುವಲ್ ನೆಟ್‌ವರ್ಕ್ ಎಡಿಟರ್ ತೆರೆದು, ಬ್ರಿಡ್ಜ್ಡ್ ಸಂಪರ್ಕದ ವಿಎಂನೆಟ್0 ಎದುರು ‘ಆಟೊಮ್ಯಾಟಿಕ್’ ಇದ್ದರೆ ಸರಿಯಾದ ಕಾರ್ಡನ್ನು ಕೈಯಾರೆ ಆರಿಸಿ. ಮಷೀನನ್ನು ಬೇರೆಡೆ ಸಾಗಿಸಿದ್ದರೆ, ತೆರೆಯುವಾಗ ಕೇಳುವ ಪ್ರಶ್ನೆಗೆ ‘ಮೂವ್ಡ್ ಇಟ್’ ಒತ್ತಿ. ‘ಕಾಪೀಡ್ ಇಟ್’ ಒತ್ತಿದರೆ ಕಾರ್ಡಿನ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸ ಬದಲಾಗುತ್ತದೆ, ಅದಕ್ಕೆ ಕಟ್ಟಿದ್ದ ರೌಟರಿನ ಖಾಯಂ ಐಪಿ ಮತ್ತು ಕೆಲ ತಂತ್ರಾಂಶಗಳ ಲೈಸೆನ್ಸ್ ಎರಡೂ ಹೋಗುತ್ತವೆ. ‘ರಿಸ್ಟೋರ್ ಡಿಫಾಲ್ಟ್ಸ್’ ಗುಂಡಿ ಕಟ್ಟಕಡೆಯದು: ನೀವು ಮಾಡಿಕೊಂಡಿದ್ದ ಸಬ್‌ನೆಟ್ಟು, ಪೋರ್ಟ್ ಫಾರ್ವರ್ಡಿಂಗ್ ಎಲ್ಲ ಅಳಿಸುತ್ತದೆ, ಒತ್ತುವ ಮುನ್ನ ಅವನ್ನು ಹಾಳೆಯ ಮೇಲೆ ಬರೆದುಕೊಳ್ಳಿ.