ಚೆರ್ರಿ ಶ್ರಿಂಪ್ ಜತೆ ಯಾರನ್ನು ಬಿಡಬಹುದು: ಮಂಗಳೂರಿನ ನೀರು, ಸೆಕೆ ನೋಡಿ ಹಾಕಿದ ಲೆಕ್ಕ

ಚೆರ್ರಿ ಶ್ರಿಂಪ್ ಎಂದರೆ ಅಕ್ವೇರಿಯಂನಲ್ಲಿ ಸಾಕುವ ಸಣ್ಣ ಸಿಹಿನೀರಿನ ಸಿಗಡಿ. ಅದು ಇರುವ ಟ್ಯಾಂಕಿಗೆ ಮೀನು ಬಿಡುವ ಮೊದಲು ನಾನು ನೋಡುವುದು ಮೀನಿನ ಬಾಯಿ, ಆಮೇಲೆ ನೀರು. ಸ್ವಭಾವದ ಮಾತು ಕೊನೆಗೆ. ಬೆಳೆದ ಚೆರ್ರಿ ಎರಡೂವರೆ-ಮೂರು ಸೆಂಟಿಮೀಟರ್ ಇರುತ್ತದೆ, ಆಗಷ್ಟೇ ಹೊರಬಂದ ಮರಿ ಸುಮಾರು 2 ಮಿಲಿಮೀಟರ್. ಅಷ್ಟು ಸಣ್ಣದು ಕಣ್ಣೆದುರು ಹರಿದಾಡಿದರೆ ಎಂಥ ಸಾಧು ಮೀನೂ ಬಾಯಿ ಹಾಕುತ್ತದೆ. ಮರಿಗೂ ತೊಂದರೆ ಕೊಡದ ಮೀನು ಎಂದು ಧೈರ್ಯವಾಗಿ ಹೇಳಬಹುದಾದದ್ದು ಪಾಚಿ ಕೆರೆದು ತಿನ್ನುವ ಓಟೋಸಿಂಕ್ಲಸ್ ಮಾತ್ರ. ಉಳಿದವುಗಳ ವಿಷಯದಲ್ಲಿ ಎಷ್ಟು ಮರಿ ಹೋದರೂ ಪರವಾಗಿಲ್ಲ ಎಂದು ನಾವೇ ತೀರ್ಮಾನಿಸಬೇಕು.

ಆದರೆ ಓಟೋಗೆ ಹಿತವಾದದ್ದು 22ರಿಂದ 26 ಡಿಗ್ರಿ ನೀರು. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯ ಟ್ಯಾಂಕ್ 30-31 ಡಿಗ್ರಿಗೆ ಏರುತ್ತದೆ. ಫ್ಯಾನ್ ಇಡಿ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ನೀರು ಆವಿಯಾಗುವುದು ಕಡಿಮೆ, ತಣಿಯುವುದೂ ಕಡಿಮೆ. ಒಂದೆರಡು ಡಿಗ್ರಿ ಇಳಿದರೆ ಹೆಚ್ಚು. ಮತ್ತೊಂದು ಲೆಕ್ಕವೂ ಇದೆ: 25 ಡಿಗ್ರಿ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 31 ಡಿಗ್ರಿಯಲ್ಲಿ ಅದು 7.4ಕ್ಕೆ ಇಳಿಯುತ್ತದೆ. ಹಾಗಾಗಿ ಪುಸ್ತಕದಲ್ಲಿ ಹೇಳಿದ ಮೀನಿನ ಸಂಖ್ಯೆಯ ಅರ್ಧವನ್ನೇ ನಾನು ಲೆಕ್ಕಕ್ಕೆ ಹಿಡಿಯುವುದು. ಸ್ಪಾಂಜ್ ಫಿಲ್ಟರ್ ಎರಡು, ಅದರಲ್ಲಿ ಒಂದು ಬ್ಯಾಟರಿ ಏರ್‌ಪಂಪಿಗೆ. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವ ಹೊತ್ತು ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ನೀರು. ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ. ಕುಡಿಯಲು ಸಿಹಿ, ಶ್ರಿಂಪ್‌ಗೆ ಸಾಲದು. ಚಿಪ್ಪು ಕಳಚಿ ಹೊಸದು ಗಟ್ಟಿಯಾಗಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕು. ಅದಿಲ್ಲದಿದ್ದರೆ ತಲೆ ಮತ್ತು ಬೆನ್ನು ಸೇರುವ ಜಾಗದಲ್ಲಿ ಸುತ್ತಲೂ ಬಿಳಿ ಉಂಗುರ ಕಾಣಿಸುತ್ತದೆ. ಹಳೆಯ ಚಿಪ್ಪು ಅರ್ಧಕ್ಕೆ ಬಿರಿದು ಶ್ರಿಂಪ್ ಅದರೊಳಗೇ ಸಿಕ್ಕಿ ಸಾಯುತ್ತದೆ. ಎಷ್ಟೋ ಮಂದಿ ಇದನ್ನು ಮೀನು ಕಚ್ಚಿದ ಗಾಯ ಎಂದುಕೊಂಡು ಪಾಪದ ಮೀನನ್ನು ಹೊರಹಾಕುತ್ತಾರೆ. ನಾನು ಇಟ್ಟುಕೊಂಡ ಗುರಿ ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದ ಗಡಸುತನ) 6-8, ಕೆಎಚ್ (ಕಾರ್ಬೊನೇಟ್ ಗಡಸುತನ) 2-4, ಪಿಎಚ್ 6.8ರಿಂದ 7.4, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) 180-250. ಕೆಎಚ್ ಏರಿಸಲು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಸಾಕು: ಮಾಂಸದ ಚೂರೂ ಉಳಿಯದಂತೆ ಕುದಿಸಿ, ಉಜ್ಜಿ, ಬಿಸಿಲಿಗೆ ಒಣಗಿಸಿ, 45 ಲೀಟರಿಗೆ ಒಂದು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ ನೀರು ಹರಿಯುವಲ್ಲಿ ಇಡುವುದು. ಅದು ನಿಧಾನವಾಗಿ ಕರಗುತ್ತದೆ, ವಾರಕ್ಕೊಮ್ಮೆ ಅಳೆಯಬೇಕು. ಚಿಪ್ಪಿನಿಂದ ಮೆಗ್ನೀಸಿಯಂ ಬರುವುದು ಅಷ್ಟಕ್ಕಷ್ಟೇ. ಅದಕ್ಕೆ ಶ್ರಿಂಪ್‌ಗೆಂದೇ ಮಾರುವ ಖನಿಜದ ಉಪ್ಪನ್ನು ನೀರು ಬದಲಿಸುವಾಗ ಬೆರೆಸುತ್ತೇನೆ. ತುಂಬೆ ಅಣೆಕಟ್ಟಿನ ನಳ್ಳಿನೀರಾಗಲಿ ಉಡುಪಿಯ ಬಜೆ ನೀರಾಗಲಿ, ಕ್ಲೋರಿನ್ ತೆಗೆಯದೆ ಹಾಕಬಾರದು.

ಈ ಸೆಕೆಗೂ ಈ ನೀರಿಗೂ ಹೊಂದುವ ಮೀನಿನಲ್ಲಿ ನನ್ನ ಮೊದಲ ಆಯ್ಕೆ ಚಿಲ್ಲಿ ರಾಸ್ಬೋರಾ. ಬೋರ್ನಿಯೋದ ಮೀನು, ಬೆಳೆದರೂ 2 ಸೆಂಟಿಮೀಟರ್, 28-29 ಡಿಗ್ರಿಯನ್ನು ತಡೆದುಕೊಳ್ಳುತ್ತದೆ. ಹುಟ್ಟಿದ ದಿನದ ಮರಿಗಳಲ್ಲಿ ಕೆಲವನ್ನು ತಿನ್ನಬಹುದು, ಒಂದು ವಾರ ದಾಟಿದ ಮರಿಯ ತಂಟೆಗೆ ಹೋಗುವುದು ಕಡಿಮೆ. ಎರಡು ಅಡಿ ಟ್ಯಾಂಕಿಗೆ ಎಂಟು ಸಾಕು. ಎಂಬರ್ ಟೆಟ್ರಾ ಅದೇ ಅಳತೆಯದ್ದು, ಆದರೆ ಇನ್ನಷ್ಟು ಚುರುಕು, ಮರಿ ತಿನ್ನುವುದೂ ಸ್ವಲ್ಪ ಜಾಸ್ತಿ. ನೆರೈಟ್ ಬಸವನಹುಳು ಪಾಚಿ ತೆಗೆಯುವುದರಲ್ಲಿ ಗಟ್ಟಿಗ. ಕೆಎಚ್ ಸರಿಮಾಡದೆ ತಂದರೆ ಅದರ ಚಿಪ್ಪಿನ ತುದಿ ಸುಣ್ಣ ಉದುರಿದ ಗೋಡೆಯ ಹಾಗೆ ಆಗುತ್ತದೆ. ಗಾಜಿನ ಮೇಲೆ ಬಿಳಿ ಚುಕ್ಕೆಗಳಂತೆ ಮೊಟ್ಟೆ ಇಟ್ಟು ಬೇಸರ ತರಿಸುತ್ತದೆ, ಸಿಹಿನೀರಿನಲ್ಲಿ ಮರಿಯೇನೂ ಆಗುವುದಿಲ್ಲ. ಮುಚ್ಚಳ ಹಾಕದಿದ್ದರೆ ರಾತ್ರಿ ಹತ್ತಿ ಹೊರಬರುತ್ತದೆ.

ಬೇಡದವರ ಪಟ್ಟಿ ಉದ್ದ. ಏಂಜೆಲ್, ಗೌರಾಮಿ, ಬಾರ್ಬ್, ಲೋಚ್, ಗೋಲ್ಡ್‌ಫಿಶ್ ಬೆಳೆದ ಶ್ರಿಂಪನ್ನೇ ನುಂಗುತ್ತವೆ. ಫೈಟರ್ ಮೀನು ಒಂದೊಂದು ಒಂದೊಂದು ಥರ. ಇವತ್ತು ಸುಮ್ಮನಿದ್ದದ್ದು ನಾಳೆ ಇರುತ್ತದೆ ಎಂದು ಹೇಳಲಾಗದು. ಗಪ್ಪಿ ಬೆಳೆದ ಶ್ರಿಂಪನ್ನು ಬಿಟ್ಟರೂ ಮರಿಗಳನ್ನು ಹುಡುಕಿ ಹುಡುಕಿ ತಿನ್ನುತ್ತದೆ. ಅಂಗಡಿಯಲ್ಲಿ ಕೊಡುವ ಸಕ್ಕರ್ ಒಂದು ಅಡಿ ದಾಟಿ ಬೆಳೆಯುವ ಮೀನು, ಸಣ್ಣ ಟ್ಯಾಂಕಿಗಲ್ಲ. ತೋಡಿನಿಂದ ಹಿಡಿದು ತಂದ ಎಟ್ಟಿಯನ್ನು (ಸಿಗಡಿ) ಚೆರ್ರಿ ಜತೆ ಬಿಡುವವರಿದ್ದಾರೆ. ಉದ್ದ ಚಿಮಟದ ಕೈ ಇರುವ ಜಾತಿಯಾದರೆ ಅದು ಬೇಟೆಗಾರ, ಚಿಪ್ಪು ಕಳಚಿ ಮೆತ್ತಗಾದ ಚೆರ್ರಿಯನ್ನೇ ಮೊದಲು ಹಿಡಿಯುತ್ತದೆ. ಬೇರೆ ಶ್ರಿಂಪ್ ಬೇಕಿದ್ದರೆ ಅಮಾನೋ ತರಬಹುದು. ತಿಂಡಿ ಹಾಕಿದಾಗ ಚೆರ್ರಿಯ ಬಾಯಿಂದ ಕಿತ್ತುಕೊಂಡು ಓಡುತ್ತದೆ ಎಂಬುದೊಂದೇ ದೂರು. ಕೆಂಪು ಚೆರ್ರಿ, ನೀಲಿ ಚೆರ್ರಿ ಒಂದೇ ಟ್ಯಾಂಕಿನಲ್ಲಿದ್ದರೆ ಕೆಲವು ತಲೆಮಾರಿನಲ್ಲಿ ಎಲ್ಲ ಕಂದು. ಕ್ರಿಸ್ಟಲ್ ಶ್ರಿಂಪ್‌ಗೆ 20-24 ಡಿಗ್ರಿ ಬೇಕು. ನೀರು ತಣಿಸುವ ಚಿಲ್ಲರ್ ಯಂತ್ರ ಇಲ್ಲದೆ ನಮ್ಮೂರಿನಲ್ಲಿ ಆ ಆಸೆ ಬಿಟ್ಟುಬಿಡಿ.

ಬಿಡುವ ಕ್ರಮದಲ್ಲೇ ಅರ್ಧ ಕೆಲಸ ಇದೆ. ನಾಲ್ಕರಿಂದ ಆರು ವಾರ ಮೀನು, ಶ್ರಿಂಪ್ ಇಲ್ಲದೆ ನೀರು ತುಂಬಿದ ಟ್ಯಾಂಕ್ ಓಡಿಸಿ, ವಿಷವಾದ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಬಂದ ಮೇಲೆ ಹದಿನೈದಿಪ್ಪತ್ತು ಶ್ರಿಂಪ್ ಬಿಡುವುದು. ಸಣ್ಣ ಪೈಪಿನಲ್ಲಿ ಸೆಕೆಂಡಿಗೆ ಎರಡು ಹನಿಯಂತೆ ಟ್ಯಾಂಕಿನ ನೀರು ಇಳಿಸುತ್ತಾ ಎರಡು ಗಂಟೆ ಹೊಂದಿಸಿಕೊಳ್ಳಬೇಕು. ತಳದ ಮೂರನೇ ಒಂದು ಭಾಗ ಜಾವಾ ಮಾಸ್ ಎಂಬ ನೀರಿನ ಗಿಡ ದಟ್ಟವಾಗಿ ಇರಲಿ, ಒಂದೆರಡು ಒಣಗಿದ ಕಾಡುಬಾದಾಮಿ ಎಲೆ ಇರಲಿ. ಹೆಣ್ಣು 20-30 ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು, ಈಜುಗಾಲಿನಿಂದ ಬೀಸುತ್ತಲೇ ಇರುತ್ತದೆ; ಮರಿಯಾಗಲು ಹೆಚ್ಚುಕಡಿಮೆ ಒಂದು ತಿಂಗಳು. ಎರಡು ಸಲ ಮರಿಗಳಾಗಿ ಗುಂಪು ಬೆಳೆದ ಮೇಲಷ್ಟೇ ಮೀನು. ಅದನ್ನೂ ಬೇರೆ ಡಬ್ಬಿಯಲ್ಲಿ ಮೂರು-ನಾಲ್ಕು ವಾರ ಇಟ್ಟು, ಕಾಯಿಲೆ ಇದ್ದರೆ ಅಲ್ಲೇ ಮದ್ದು ಮಾಡಿ ಮುಗಿಸಿ ತರಬೇಕು. ಮೀನಿನ ಮದ್ದುಗಳಲ್ಲಿ ಹಲವು ತಾಮ್ರದವು, ಶ್ರಿಂಪ್‌ಗೆ ಅದು ನೇರ ವಿಷ.

ಹೊಂದಿಕೆಯಾಯಿತೇ ಎಂದು ತಿಳಿಯಲು ಹೆಣ ಎಣಿಸಬೇಕಿಲ್ಲ, ಮಧ್ಯಾಹ್ನದ ಬೆಳಕಿನಲ್ಲಿ ಐದು ನಿಮಿಷ ನೋಡಿ. ಶ್ರಿಂಪ್‌ಗಳು ಬಯಲಲ್ಲೇ ಕುಳಿತು ಎರಡೂ ಕೈಯಿಂದ ಕೆರೆಕೆರೆದು ಬಾಯಿಗೆ ಹಾಕುತ್ತಿದ್ದರೆ, ಮೀನು ಹತ್ತಿರ ಬಂದಾಗ ಮೀಸೆ ಮಾತ್ರ ಅಲ್ಲಾಡಿಸಿದರೆ ಸರಿಯಾಗಿದೆ. ಎಲ್ಲವೂ ಮಾಸ್ ಒಳಗೆ ಅವಿತು, ಲೈಟ್ ಆರಿದ ಮೇಲೆ ಮಾತ್ರ ಹೊರಬಂದರೆ ಮೀನು ಪೀಡಿಸುತ್ತಿದೆ ಎಂದೇ ಅರ್ಥ.

ತಾಮ್ರದ ಬಗ್ಗೆ ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಬೋರ್ಡೋ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ತೋಟದ ಪಕ್ಕದ ತೋಡಿನ ಗಿಡ, ಪಾಚಿ, ಬಾದಾಮಿ ಎಲೆ ಯಾವುದನ್ನೂ ಆ ತಿಂಗಳುಗಳಲ್ಲಿ ಟ್ಯಾಂಕಿಗೆ ತರಬೇಡಿ.

ಅದೇ ಅಡಿಕೆ ಇನ್ನೊಂದು ಕಡೆ ಉಪಕಾರಕ್ಕೂ ಬರುತ್ತದೆ: ಮರಿಗಳ ಮೇಲೆ ಬೀಳುವ ಪ್ಲನೇರಿಯಾ ಹುಳುವನ್ನು ಕೊಲ್ಲಲು ಮಾರುವ ಪುಡಿಗಳಲ್ಲಿ ಕೆಲವು ಅಡಿಕೆಯ ಸತ್ವದವು. ಶ್ರಿಂಪ್ ಅದನ್ನು ತಡೆದುಕೊಳ್ಳುತ್ತದೆ, ನೆರೈಟ್ ತಡೆದುಕೊಳ್ಳುವುದಿಲ್ಲ. ಪುಡಿ ಹಾಕುವ ಮೊದಲು ಬಸವನಹುಳುಗಳನ್ನು ಬೇರೆ ಪಾತ್ರೆಗೆ ಹಾಕಿ, ಆಮೇಲೆ ವಾರಗಟ್ಟಲೆ ನೀರು ಬದಲಿಸಿ, ಮೊದಲು ಒಂದನ್ನೇ ಬಿಟ್ಟು ನೋಡಿ. ಅದು ಗಾಜಿಗೆ ಅಂಟಿಕೊಂಡು ತಿರುಗಾಡಿದರೆ ಉಳಿದವನ್ನೂ ಬಿಡಬಹುದು.